ಬಚ್ಚಲದ ಬಾಗಿಲಿಗೆ ಮೂರು ಗಂಟು

ಆ ಹಗ್ಗ ಕಂಡರೆ ಶೈಲಾಗೆ ಆಗುತ್ತಿರಲಿಲ್ಲ.

ಬಾವಿಗೆ ಇಳಿಸುವಂಥ ದಪ್ಪ ಹಗ್ಗವೇನಲ್ಲ. ಹಳೆಯ ಸೀರೆಗಳನ್ನು ಉದ್ದುದ್ದ ಹರಿದು, ಮೂರು ಎಳೆ ಕೂಡಿಸಿ, ಹೆರಳು ಹಾಕಿದಂತೆ ಹೆಣೆದದ್ದು. ತಲೆಬಾಗಿಲ ಚೌಕಟ್ಟಿನಿಂದ ಹೊರಟು, ಪಡಸಾಲೆಯ ಎಡಗೋಡೆ ಹಿಡಿದು, ಅಡುಗೆ ಮನೆ ಹಾದು, ಹಿತ್ತಲಿನ ಬಚ್ಚಲದವರೆಗೆ ಸೊಂಟದೆತ್ತರಕ್ಕೆ ಹೋಗುತ್ತಿತ್ತು. ಅಲ್ಲಲ್ಲಿ ಮೊಳೆ, ಅಲ್ಲಲ್ಲಿ ಗಂಟು. ಕೈ ಆಡಿ ಆಡಿ ಮೂಲ ಬಣ್ಣ ಯಾವುದಿತ್ತೆಂದು ಹೇಳುವುದೇ ಕಷ್ಟವಾಗಿತ್ತು.

ಹೆಣೆದವಳು ಅತ್ತೆ ಹಾಲವ್ವ. ನಾಲ್ಕು ವರ್ಷದ ಹಿಂದೆ ಅವಳ ಎರಡೂ ಕಣ್ಣು ಪೂರ್ತಿ ಹೋದವು. ಜಮಖಂಡಿಯಲ್ಲಿ ತೋರಿಸಿದರು, ಮಿರಜಿಗೆ ಒಯ್ದರು. ಕಣ್ಣಿನ ನರ ಒಣಗಿದೆ, ಬರುವುದು ತಡವಾಯಿತು ಅಂದರು ಡಾಕ್ಟರು. ಬನಹಟ್ಟಿಗೆ ಮರಳಿದ ಹಾಲವ್ವ ಎಂಟು ದಿನ ಯಾರೊಡನೆಯೂ ಮಾತಾಡಲಿಲ್ಲ. ಒಂಬತ್ತನೆಯ ದಿನ ಟ್ರಂಕಿನಿಂದ ಹಳೆಯ ಸೀರೆ ತೆಗೆಸಿ ಹರಿಯತೊಡಗಿದಳು. ಮಗ ಶಿವಪುತ್ರ ಅವಳು ತೋರಿಸಿದಲ್ಲಿ ಮೊಳೆ ಹೊಡೆದ. ತಲೆಯ ದುಃಖ ಕೈಗೆ ಇಳಿದಿದೆ, ನಾಲ್ಕು ದಿನದ ಆಟ ಅಂದುಕೊಂಡಿದ್ದಳು ಶೈಲಾ.

ಆಟವಾಗಲಿಲ್ಲ. ಆರು ತಿಂಗಳಲ್ಲಿ ಹಾಲವ್ವ ತಾನೇ ಎದ್ದು ತಾನೇ ಬಚ್ಚಲಕ್ಕೆ ಹೋಗಿ, ತಾನೇ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಒಲೆಯ ಮುಂದೆ ನಿಂತು ತನ್ನ ಚಹಾ ತಾನೇ ಮಾಡಿಕೊಳ್ಳತೊಡಗಿದಳು. ಉಪ್ಪಿನ ಡಬ್ಬಿಯ ಕೊರಳಿಗೆ ಒಂದು ಸುತ್ತು ನೂಲು, ಸಕ್ಕರೆಯದಕ್ಕೆ ಎರಡು ಸುತ್ತು. ಚಹಾಪುಡಿಯ ಡಬ್ಬಿಗೆ ಮುಚ್ಚಳ ಜಜ್ಜಿದ ಗುರುತೇ ಸಾಕಿತ್ತು. ಆಮೇಲೆ ಓಣಿ ದಾಟಿ ಎದುರಿನ ಶೆಡ್ಡಿಗೆ ಹೋಗುತ್ತಿದ್ದಳು. ಅಲ್ಲಿ ಶಿವಪುತ್ರನ ಎರಡು ಪಾವರ್‌ಲೂಮು. ಅವುಗಳ ಖಟಪಟ ಶಬ್ದವೇ ಅವಳಿಗೆ ದಾರಿ. ರಾಟಿಯ ಮುಂದೆ ಕೂತು ಮಗ್ಗದ ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುವಳು. ನೂಲು ಹರಿದರೆ ಕಣ್ಣಿದ್ದವರಿಗಿಂತ ಮೊದಲು ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಓಣಿಯವರೂ ಒಗ್ಗಿಕೊಂಡಿದ್ದರು, ಪಕ್ಕದ ಮನೆಯ ಸಿದ್ದಾರೂಢ ಮೋಟರ್‌ಸೈಕಲ್ಲನ್ನು ಅವಳು ನಡೆಯುವ ಬದಿಗೆ ನಿಲ್ಲಿಸುವುದನ್ನೇ ಬಿಟ್ಟಿದ್ದ.

ಇದೆಲ್ಲ ಒಳ್ಳೆಯದೇ ಎಂದು ಶೈಲಾಗೆ ಒಳಗೆ ಗೊತ್ತಿತ್ತು. ಹೊರಗಿನ ಮಾತು ಬೇರೆ ಇತ್ತು. ಬೀಗರು ನೆಂಟರು ಯಾರು ಬಂದರೂ ಮೊದಲು ಕಣ್ಣು ಹೋಗುವುದು ಹಗ್ಗಕ್ಕೆ, ಆಮೇಲೆ ಶೈಲಾಳ ಮುಖಕ್ಕೆ. ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಚ್ಚಿದಾಗ ಬೆನ್ನ ಹಿಂದೆ ಮಾತು ಕೇಳುತ್ತಿತ್ತು: "ಕಣ್ಣಿಲ್ಲದ ಮುದುಕೀಗೆ ರಾಟಿ ಹಚ್ಚಿ ಸೊಸಿ ಆರಾಮ ಅದಾಳ ನೋಡ." ಶೈಲಾ ಹಿಟ್ಟು ಹೊತ್ತು ಮನೆಗೆ ಬರುವುದರೊಳಗೆ ಆ ಮಾತು ಬುಟ್ಟಿಗಿಂತ ಭಾರವಾಗಿರುತ್ತಿತ್ತು. ಇಪ್ಪತ್ತೆರಡು ವರ್ಷ ಈ ಮನೆಯಲ್ಲಿ ಅವಳು ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವಳಲ್ಲ. ಈಗ ಒಂದು ಹಗ್ಗ ಅನ್ನಿಸುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಅನ್ನುವವಳು ಗಂಡನ ಅಕ್ಕ ಬೋರವ್ವ. ಮುಧೋಳದ ಮನೆ, ತುಂಬಿದ ಸಂಸಾರ. ಬಂದಾಗೊಮ್ಮೆ ಹಗ್ಗ ಎಳೆದು ನೋಡಿ, "ಎಮ್ಮಿ ಎಲ್ಲಿ ಕಟ್ಟೀರಿ ಶೈಲಾ, ಕಾಣವಲ್ದು" ಅನ್ನುವಳು. ಹಿಂದಿನ ವರ್ಷ ಒಂದು ತಿಂಗಳು ಅವ್ವನನ್ನು ಮುಧೋಳಕ್ಕೆ ಕರೆದೊಯ್ದಿದ್ದಳು. ಅಲ್ಲಿ ಹಾಲವ್ವ ಮಂಚ ಬಿಟ್ಟು ಇಳಿಯುವ ಹಾಗಿರಲಿಲ್ಲ. ಮುಖ ತೊಳೆಯಲು ನೀರು ಮಂಚಕ್ಕೆ ಬರುತ್ತಿತ್ತು, ರೊಟ್ಟಿ ಮುರಿದು ಹಾಲಿನಲ್ಲಿ ಕಲಸಿ ಬಾಯಿಗೇ ಬರುತ್ತಿತ್ತು. ತಿಂಗಳ ಮೇಲೆ ಹಾಲವ್ವ ಬಸ್ಸಿನಿಂದ ಇಳಿದಾಗ ಅವಳ ಕಾಲು ನಡುಗುತ್ತಿದ್ದವು. ಮೊದಲಿನ ನಡಿಗೆ ಬರಲು ಮಳೆಗಾಲವೇ ಕಳೆಯಿತು.

ಈ ಶ್ರಾವಣದಲ್ಲಿ ಹಾಲವ್ವ ಬಚ್ಚಲದಲ್ಲಿ ಕುದಿನೀರಿನ ಬಕೆಟ್ಟಿಗೆ ಎಡವಿ ಪಾದ ಸುಟ್ಟುಕೊಂಡಳು. ಬೋರವ್ವ ಮರುದಿನವೇ ಬಂದಳು.

"ಇನ್ನ ಸಾಕು. ಅವ್ವ ನನ್ನ ಮನ್ಯಾಗ ಇರ್ಲಿ" ಅಂದಳು.

ಶಿವಪುತ್ರ ನೆಲ ನೋಡುತ್ತ, "ದಸರಾ ತನಕಾ ನೋಡೂಣ ಅಕ್ಕಾ" ಅಂದ. "ಇನ್ನೊಮ್ಮೆ ಏನರ ಆತಂದ್ರ ಕರಕೊಂಡ ಹೋಗು. ನಾ ಬ್ಯಾಡ ಅನ್ನೂದಿಲ್ಲ."

ಹಾಲವ್ವ ಪಾದಕ್ಕೆ ಮುಲಾಮು ಹಚ್ಚಿಕೊಳ್ಳುತ್ತ ಕೂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಶೈಲಾ ಕೂಡ.

ದಸರೆಗೆ ಹದಿನೈದು ದಿನ ಇರುವಾಗ ಸುಹಾಸಿನಿ ಬಂದಳು. ನಗರಸಭೆಯ ಕಡೆಯಿಂದ ಅಂಗವಿಕಲರ ಮನೆಗಳಿಗೆ ತಿರುಗುವ ಪುನರ್ವಸತಿ ಕಾರ್ಯಕರ್ತೆ. ಅವಳ ಒಂದು ಕಾಲು ಪೋಲಿಯೋದಿಂದ ಸಣ್ಣಗಾಗಿತ್ತು. ಹಿಂದೆ ಎರಡು ಹೆಚ್ಚಿನ ಗಾಲಿ ಜೋಡಿಸಿದ ಸ್ಕೂಟಿಯ ಮೇಲೆ ರಬಕವಿ, ಬನಹಟ್ಟಿ ಎರಡೂ ಊರು ಸುತ್ತುತ್ತಿದ್ದಳು. ಊರುಗೋಲು ಗೋಡೆಗೆ ಆನಿಸಿ ಕೂತು, ಒಂದು ಫಾರ್ಮು ತೆಗೆದಳು.

"ಹಿರಿಯರು, ಅಂಗವಿಕಲರು ತಮ್ಮಷ್ಟಕ್ಕ ತಾವು ಬದುಕಾಕ ಮನ್ಯಾಗ ಏನೇನು ಛಲೋ ರೂಢಿ ಇಟಗೊಂಡಾರ, ನೋಡಿ ಬರಕೊಂಡ ಬರ್ರಿ ಅಂದಾರ್ರಿ ಮ್ಯಾಲಿಂದ. ನಾಲ್ಕು ಮಂದಿಗೆ ತೋರಸಾಕ. ಎಲ್ಲಾ ಕಡೆ ಬರೇ ಗಾಲಿಕುರ್ಚಿ ಫೋಟೋ ಸಿಗಾಕತ್ತಾವ. ಅದರ ಮ್ಯಾಲ ಅರಿವಿ ಒಣಗ ಹಾಕಿರತಾರ."

ಹಾಲವ್ವ ನಕ್ಕಳು. ಎದ್ದು ಹಗ್ಗ ಹಿಡಿದು ಅಡುಗೆ ಮನೆಗೆ ಹೋದಳು. ಹೊರಗೆ ಬಂದಾಗ ತಟ್ಟೆಯಲ್ಲಿ ಮೂರು ಕಪ್ ಚಹಾ ಇತ್ತು. ಸುಹಾಸಿನಿ ಒಂದು ಗುಟುಕು ಕುಡಿದಳು, ಫಾರ್ಮು ಬದಿಗಿಟ್ಟಳು, ಹಗ್ಗವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ಬಂದಳು.

"ಶುಕ್ರವಾರ ಹನ್ನೊಂದಕ್ಕ ನಮ್ಮ ಸಾಹೇಬರು ಬರತಾರ್ರಿ, ಇದನ್ನೆಲ್ಲಾ ನೋಡಾಕ. ಮೊಬೈಲ್‌ನ್ಯಾಗ ವಿಡಿಯೋನೂ ಮಾಡತಾರ. ನೀವು ಏನೂ ತ್ರಾಸ ತಗೋಬ್ಯಾಡ್ರಿ. ಇದ್ದಂಗ ಇರ್ರಿ."

ಇದ್ದ ಹಾಗೆ ಇರಿ ಎಂಬ ಮಾತನ್ನು ಯಾವ ಹೆಣ್ಣುಮಗಳು ನಿಜವೆಂದು ನಂಬಿದ್ದಾಳೆ? ಕನ್ಯೆ ನೋಡಲು ಬರುವವರೂ ಹಾಗೇ ಅನ್ನುತ್ತಾರೆ. ಅವಲಕ್ಕಿ ಸಾಕ್ರಿ, ಏನೂ ಮಾಡಬ್ಯಾಡ್ರಿ ಅಂದ ಬೀಗರಿಗೆ ಹೋಳಿಗೆ ಮಾಡದಿದ್ದರೆ ಹತ್ತು ವರ್ಷ ಆ ಮಾತು ಉಳಿಯುತ್ತದೆ. ಶೈಲಾ "ಆತ್ರಿ" ಅಂದಳು. ತಲೆಯಲ್ಲಿ ಆಗಲೇ ಕಸಬರಿಗೆ ಆಡತೊಡಗಿತ್ತು. ವಿಡಿಯೋ ಅಂದರೆ ಮೊಬೈಲಿನಿಂದ ಮೊಬೈಲಿಗೆ ಓಡುವಂಥದ್ದು. ಇಷ್ಟು ದಿನ ಓಣಿ ನೋಡಿದ ಹಗ್ಗವನ್ನು ಇನ್ನು ಜಿಲ್ಲೆಯೇ ನೋಡುತ್ತದೆ.

ಶುಕ್ರವಾರ ಹಾಲವ್ವ ಏಳಕ್ಕೆ ಶೆಡ್ಡಿಗೆ ಹೋದಳು. ಹಬ್ಬಕ್ಕೆ ಹೇಗೂ ಮನೆ ತೊಳೆಯಬೇಕಿತ್ತು, ಆ ನೆಪ ಸಾಕಾಯಿತು. ಶೈಲಾ ಸೆರಗು ಸಿಕ್ಕಿಸಿ ಕೆಲಸಕ್ಕೆ ಇಳಿದಳು. ಪಡಸಾಲೆಯ ಬಾಗಿಲ ಬದಿಗಿದ್ದ ನೀರಿನ ಕೊಡ ಕಿಟಕಿಯ ಕೆಳಗೆ ಹೋಯಿತು. ಡಬ್ಬಿಗಳ ಕೊರಳಿನ ಎಣ್ಣೆಜಿಡ್ಡಿನ ನೂಲುಗಳನ್ನು ಕತ್ತರಿಸಿ ಒಗೆದು, ಡಬ್ಬಿಗಳನ್ನೆಲ್ಲ ತಿಕ್ಕಿ, ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ಜೋಡಿಸಿದಳು. ಕೊನೆಗೆ ಹಗ್ಗ. ಮೊಳೆಯಿಂದ ಮೊಳೆಗೆ ಬಿಚ್ಚುತ್ತ ಹೋದಂತೆ ಅವಳಿಗೆ ಹಗುರವೆನಿಸಿತು. ಸಾಹೇಬರು ಹೋದ ಮೇಲೆ ಮತ್ತೆ ಕಟ್ಟಿದರಾಯಿತು. ಒಂದು ತಾಸಿನ ಮಾತು. ಅತ್ತೆ ಕುರ್ಚಿಯ ಮೇಲೆ ಕೂರಲಿ, ಕೇಳಿದ್ದಕ್ಕೆ ಉತ್ತರ ಹೇಳಲಿ, ಚಹಾ ತಾನು ಮಾಡಿದರಾಯಿತು. ಹಗ್ಗವನ್ನು ಸುತ್ತಿ ಹಾಸಿಗೆಯ ಗಂಟಿನೊಳಗೆ ತುರುಕಿದಳು. ಗೋಡೆ ಮೊದಲ ಸಲ ಎಲ್ಲರ ಮನೆಯ ಗೋಡೆಯಂತೆ ಕಂಡಿತು.

ಹತ್ತೂವರೆಗೆ ಬೋರವ್ವ ಬಂದಳು. ಸಾಹೇಬರು ಬರುವ ಸುದ್ದಿ ಶಿವಪುತ್ರ ಫೋನಿನಲ್ಲಿ ಹೇಳಿದ್ದನಂತೆ. ಸ್ವಚ್ಛ ಗೋಡೆ ನೋಡಿ, "ಈಗ ಮನಿ ಮನಿ ಇದ್ದಂಗ ಆತು ನೋಡ" ಅಂದಳು. ಶೈಲಾ ಆ ಮಾತು ಪೂರ್ತಿ ಸವಿಯುವುದರೊಳಗೆ ಹೊರಗೆ ಜೀಪು ನಿಂತಿತು. ಸಾಹೇಬರು ಹೊತ್ತಿಗಿಂತ ಮೊದಲೇ ಬಂದಿದ್ದರು. ಹಿಂದೆಯೇ ಸುಹಾಸಿನಿಯ ಸ್ಕೂಟಿ. ಶಿವಪುತ್ರ ಶೆಡ್ಡಿನೊಳಗೆ ಅವ್ವನಿಗೆ ಕೂಗಿ ಹೇಳಿದ, "ಎವ್ವಾ, ಅವರು ಬಂದ್ರು, ನಡಿ."

ಹಾಲವ್ವ ಓಣಿ ದಾಟಿ ಬಂದಳು, ಹಿಂದೆ ಶಿವಪುತ್ರ. ಹೊಸ್ತಿಲು ದಾಟಿದ ಕೂಡಲೇ ಎಡಗೈ ತಾನಾಗಿಯೇ ಗೋಡೆಗೆ ಹೋಯಿತು. ಹಗ್ಗ ಸಿಗಲಿಲ್ಲ. ಕೈ ಸ್ವಲ್ಪ ಮೇಲೆ ಹೋಯಿತು, ಕೆಳಗೆ ಬಂತು, ಒಂದು ಮೊಳೆಗೆ ತಾಗಿ ಅಲ್ಲೇ ನಿಂತಿತು.

ಶೈಲಾ ಮುಂದೆ ಹೋಗಬೇಕೆಂದುಕೊಂಡಳು. ಅಷ್ಟರಲ್ಲಿ ಸಾಹೇಬರು ಮೊಬೈಲು ಎತ್ತಿ ಹಿಡಿದು, "ಅಮ್ಮಾ, ನೀವೇ ಚಹಾ ಮಾಡತೀರಂತ ಕೇಳೀನಿ. ನಮಗೂ ಮಾಡಿ ಕೊಡ್ರಿ, ನೋಡೂಣ" ಅಂದರು. ಪ್ರೀತಿಯಿಂದಲೇ ಅಂದದ್ದು. ಹಾಲವ್ವ ಮಾತಿನ ದಿಕ್ಕಿಗೆ ಮುಖ ತಿರುಗಿಸಿ, "ಮಾಡೂಣ್ರಿ" ಅಂದು ಗೋಡೆ ಬಿಟ್ಟು ಹೆಜ್ಜೆ ಎಣಿಸುತ್ತ ಹೊರಟಳು. ಐದನೆಯ ಹೆಜ್ಜೆಗೆ ಕಿಟಕಿಯ ಕೆಳಗಿನ ಕೊಡಕ್ಕೆ ಮೊಣಕಾಲು ಬಡಿಯಿತು. ಕೊಡ ಉರುಳಿ ಪಡಸಾಲೆಯ ತುಂಬ ನೀರಾಯಿತು.

"ಎವ್ವಾ, ಕೂಡ ನೀ" ಅಂದಳು ಬೋರವ್ವ.

ಹಾಲವ್ವ ಕೂರಲಿಲ್ಲ. ಒದ್ದೆ ಸೀರೆಯಲ್ಲೇ ಅಡುಗೆ ಮನೆಗೆ ಹೋಗಿ, ಒಲೆ ಹುಡುಕಿ, ಪಾತ್ರೆ ಇಟ್ಟಳು. ಡಬ್ಬಿಗಳ ಸಾಲಿನ ಮೇಲೆ ಬೆರಳು ಆಡಿತು. ಒಂದರ ಕೊರಳು ಮುಟ್ಟಿದಳು, ಇನ್ನೊಂದರದು ಮುಟ್ಟಿದಳು. ಎಲ್ಲ ಕೊರಳೂ ಬರಿದು. ಒಂದು ಚಮಚ ತೆಗೆದು ಹಾಕಿದಳು. ರುಚಿ ನೋಡಿಯೇ ಹಾಕುವವಳು. ಎಲ್ಲರ ಕಣ್ಣೂ ಬೆನ್ನ ಮೇಲಿರುವುದು ಅವಳಿಗೆ ಗೊತ್ತಿತ್ತು, ಆ ಅವಸರದಲ್ಲಿ ನೋಡಲಿಲ್ಲ. ಸಾಹೇಬರು ಒಂದು ಗುಟುಕು ಕುಡಿದು ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು. ಉಪ್ಪು.

"ಇರ್ಲಿ ಬಿಡ್ರಿ ಅಮ್ಮಾ, ವಯಸ್ಸಾಗೇತಿ" ಅಂದರು. ಮೊಬೈಲು ಜೇಬಿಗೆ ಹೋಯಿತು. ರಬಕವಿಯಲ್ಲಿ ಇನ್ನೊಂದು ಮನೆ ನೋಡುವುದಿದೆ ಎಂದು ಹೊರಟರು. ಸುಹಾಸಿನಿಗೆ, "ಈ ಮನಿ ಬಿಡ್ರಿ" ಎಂದು ಹೊಸ್ತಿಲಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಜೀಪು ಹೋಯಿತು. ಸುಹಾಸಿನಿ ಹೋಗಲಿಲ್ಲ.

"ನೋಡಿದ್ಯಲ್ಲ ಶಿವಪುತ್ರಾ" ಅಂದಳು ಬೋರವ್ವ. "ಮಂದಿ ಮುಂದ ಉಪ್ಪಿನ ಚಾ. ನಾಳೆ ಬೆಂಕಿ ಹತ್ತಿದ್ರ? ದಸರಾ ತನಕಾ ಅಂದಿದ್ದಿ, ಇವತ್ತ ಆತು."

ಶಿವಪುತ್ರ ಏನೂ ಅನ್ನಲಿಲ್ಲ. ಅನ್ನದಿರುವುದೇ ಅವನ ಒಪ್ಪಿಗೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಹಾಲವ್ವ ನಿಂತಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟಳು. "ಇದು ಯಾರ ಮನಿ ಬೇ ಶೈಲಾ?" ಎಂದು ಕೇಳಿದಳು. ಸಿಟ್ಟಿನಿಂದ ಅಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಎಂಬಂತೆ ಕೇಳಿದಳು. ಆಮೇಲೆ ಮಗಳ ಕಡೆ ಮುಖ ಮಾಡಿ, "ಆತು ನಡಿ ಬೋರವ್ವ. ನನ್ನ ಸೀರಿ ಎಲ್ಲಿ ಅದಾವೋ ನನಗ ತಿಳಿಯೂದಿಲ್ಲ, ನೀನೇ ತಗೋ" ಅಂದಳು.

ನಾಲ್ಕು ವರ್ಷದಲ್ಲಿ ಹಾಲವ್ವ ಯಾರಿಗೂ 'ನೀನೇ ತಗೋ' ಅಂದಿರಲಿಲ್ಲ. ಶೈಲಾ ಕೈಯಲ್ಲಿ ನೆಲ ಒರೆಸುವ ಅರಿವೆ ಹಿಡಿದು ನಿಂತಿದ್ದಳು. ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ನಾಳೆಯಿಂದ ಹಗ್ಗವಿಲ್ಲ, ಗಿರಣಿಯ ಮಾತಿಲ್ಲ. ಮಗಳು ಕರೆದಳು, ಅತ್ತೆ ಹೋದರು. ಇದರಲ್ಲಿ ಸೊಸೆಯ ತಪ್ಪು ಹುಡುಕುವವರು ಯಾರೂ ಇರಲಿಲ್ಲ. ಸುಹಾಸಿನಿಯ ಕಣ್ಣು ಮಾತ್ರ ಗೋಡೆಯ ಬರಿ ಮೊಳೆಗಳನ್ನು ಒಂದೊಂದಾಗಿ ನೋಡಿಕೊಂಡು ಹೋಗಿ ಶೈಲಾಳ ಮೇಲೆ ನಿಂತಿತು. ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು ಎಂಬಂತಿತ್ತು ಆ ನೋಟ.

ಬೋರವ್ವ ಟ್ರಂಕು ತೆಗೆಯುವ ಸಪ್ಪಳ ಕೇಳಿತು.

"ಟ್ರಂಕ್ ಮುಚ್ಚರಿ ಅಕ್ಕಾರ" ಅಂದಳು ಶೈಲಾ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಅತ್ತೀದೇನೂ ತಪ್ಪಿಲ್ಲ. ಹಗ್ಗ ನಾ ಬಿಚ್ಚೀನಿ. ಕೊಡಾ ನಾ ಸರಿಸೀನಿ. ಡಬ್ಬೀದು ನೂಲು ನಾನೇ ಕತ್ತರಿಸೀನಿ. ಅವರಿಗೆ ಹೇಳಲಿಲ್ಲ."

"ಯಾಕ?" ಅಂದ ಶಿವಪುತ್ರ.

"ನಾಚಿಕಿ ಬಂತು." ಇಷ್ಟು ಹೇಳಿದ ಮೇಲೆ ಉಳಿದದ್ದು ಸಲೀಸಾಯಿತು. "ಮಂದಿ ನೋಡತಾರಂತ. ಈ ನಾಲ್ಕ ವರ್ಷ ಮಂದಿ ಮಾರಿನೇ ನೋಡೀನಿ. ಅತ್ತಿ ಏನ್ ಮಾಡತಾರ, ಹೆಂಗ್ ಮಾಡತಾರ, ಒಂದಿನಾ ನೋಡಿಲ್ಲ."

ಬೋರವ್ವ ಸೀರೆ ಕೈಯಲ್ಲಿ ಹಿಡಿದೇ ಹೊರಗೆ ಬಂದಳು. "ಇವತ್ತ ನೀ ಬಿಚ್ಚಿದಿ, ಆತು. ಶ್ರಾವಣದಾಗ ಕಾಲ ಸುಟ್ಟಿದ್ದು?"

ಎದುರಿನ ಶೆಡ್ಡಿನಲ್ಲಿ ಒಂದು ಮಗ್ಗ ನೂಲು ಹರಿದು ನಿಂತಿತು. ಇನ್ನೊಂದು ನಡೆದೇ ಇತ್ತು. ಶಿವಪುತ್ರ ಅಕ್ಕನತ್ತ ಮುಖ ಎತ್ತಿದ.

"ಆ ಬಕೆಟ್ ನಾನೇ ಇಟ್ಟಿದ್ದೆ ಅಕ್ಕಾ. ನಡುದಾರ್ಯಾಗ. ಫೋನ್ ಬಂತಂತ ಅಲ್ಲೇ ಇಟ್ಟು ಹೊರಗ ಬಂದಿದ್ದೆ."

"ಮತ್ತ ಆವಾಗ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

"ನನಗ ಗೊತ್ತಿತ್ತು" ಅಂದಳು ಹಾಲವ್ವ ನೆಲದಿಂದ. "ಹೇಳಿದ್ರ ಇವನ ಮುಖ ಸಣ್ಣದು ಆಕ್ಕಿತ್ತು. ಕಣ್ಣಿಲ್ಲಂದ್ರೂ ಅದು ಕಾಣತೈತಿ ನನಗ."

ಶೈಲಾ ಹಾಸಿಗೆಯ ಗಂಟಿನಿಂದ ಹಗ್ಗ ತಂದಳು. ತಂದವಳು ಗೋಡೆಯ ಮುಂದೆ ನಿಂತು ಪೇಚಾಡಿದಳು. ಯಾವ ತುದಿ ಬಾಗಿಲಿಗೆ, ಯಾವ ಗಂಟು ಎಲ್ಲಿಗೆ, ಒಂದೂ ಗೊತ್ತಿರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಅದರ ಪಕ್ಕ ಹಾದಿದ್ದಳು, ಧೂಳು ಕೂಡ ಒರೆಸಿದ್ದಳು, ಗಂಟು ಎಣಿಸಿರಲಿಲ್ಲ.

"ಅತ್ತೀ, ಹೇಳ್ರಿ" ಅಂದಳು.

ಹಾಲವ್ವ ಗೋಡೆಗೆ ಕೈ ಊರಿ ಎದ್ದಳು. "ಗಂಟಿಲ್ಲದ ತುದಿ ತಲಿಬಾಗಲಿಗೆ. ಒಂದು ಗಂಟು ಬಂದಲ್ಲಿ ಮೆಟ್ಟಲಾ. ಎರಡು ಗಂಟಿಗೆ ಅಡಗಿ ಮನಿ. ಬಚ್ಚಲದ ಬಾಗಲಿಗೆ ಮೂರು."

"ಮೂರ ಯಾಕ್ರಿ?"

"ಅವಸರದಾಗ ಇರತೀನಲ್ಲ ಬೇ. ದಪ್ಪ ಹತ್ತಬೇಕು ಕೈಗೆ."

ಸುಹಾಸಿನಿ ನಕ್ಕಳು, ಶೈಲಾಗೂ ನಗು ಬಂತು. ಶಿವಪುತ್ರ ಸಡಿಲಾದ ಎರಡು ಮೊಳೆ ಗಟ್ಟಿ ಹೊಡೆದ. ಶೈಲಾ ಕೊಡ ತುಂಬಿಸಿ ಮೊದಲಿನ ಜಾಗಕ್ಕೆ ಇಟ್ಟಳು. ಕಂಡಿಕೆಯ ನೂಲು ತಂದು ಕೊಟ್ಟಾಗ ಹಾಲವ್ವ ಪ್ರತಿ ಡಬ್ಬಿಯ ರುಚಿ ನೋಡಿ ತಾನೇ ಸುತ್ತಿದಳು. ಉಪ್ಪಿಗೆ ಒಂದು, ಸಕ್ಕರೆಗೆ ಎರಡು. ಹೊಳೆಯುವ ಡಬ್ಬಿಗಳ ಸಾಲು ಕೆಟ್ಟಿತು. ದೊಡ್ಡದರ ಪಕ್ಕ ಸಣ್ಣದು, ಸಣ್ಣದರ ಹಿಂದೆ ಇನ್ನೊಂದು.

ಬೋರವ್ವ ಇದನ್ನೆಲ್ಲ ಮಂಚದ ಮೇಲೆ ಕೂತು ನೋಡಿದಳು. ಅವಳು ಕೆಟ್ಟವಳಲ್ಲ. ಅವ್ವನ ಬಾಯಿಗೆ ತುತ್ತು ಇಡುವಾಗ ಅವಳ ಕಣ್ಣು ತುಂಬುತ್ತಿದ್ದುದನ್ನು ಶೈಲಾ ನೋಡಿದ್ದಳು. ಹಾಲವ್ವ ಹಗ್ಗ ಹಿಡಿದು ಒಲೆಯತ್ತ ಹೊರಟಾಗ ಬೋರವ್ವನ ಕೈ ಗಾಳಿಯಲ್ಲಿ ಅರ್ಧ ಎದ್ದು ನಿಂತಿತ್ತು, ಬೀಳುವ ಮಗುವನ್ನು ಹಿಡಿಯಲು ಹೋದಂತೆ.

"ಬಿದ್ರ ಎವ್ವಾ?" ಅಂದಳು.

"ಬಿದ್ರ ಏಳತೀನಿ" ಅಂದಳು ಹಾಲವ್ವ, ಬೆನ್ನು ತಿರುಗಿಸಿಕೊಂಡೇ. "ನಿನ್ನ ಮನ್ಯಾಗ ನೀ ಬೀಳಾಕೂ ಬಿಡಲಿಲ್ಲ. ಏಳೂದನ್ನ ಮರತಿದ್ದೆ."

"ಮಗಳಿದ್ದೂ ಅವ್ವನ್ನ ದುಡ್ಯಾಕ ಬಿಟ್ಟಾಳಂತಾರ ಮಂದಿ ನನಗ."

ಶೈಲಾ ತಿರುಗಿ ನೋಡಿದಳು. ಇಷ್ಟು ವರ್ಷ ಬೋರವ್ವನ ಮಾತುಗಳೆಲ್ಲ ತನ್ನ ಮೇಲೆ ಎಂದುಕೊಂಡಿದ್ದಳು. ಮುಧೋಳದಲ್ಲೂ ಒಂದು ಹಿಟ್ಟಿನ ಗಿರಣಿ ಇರುತ್ತದೆ, ಅಲ್ಲೂ ಪಾಳಿ ಹಚ್ಚಿದವರ ಬೆನ್ನಿಗೆ ಮಾತು ತಾಗುತ್ತದೆ ಎಂದು ಅವಳಿಗೆ ಹೊಳೆದಿರಲಿಲ್ಲ. ಇಬ್ಬರೂ ಸೇರಿ, ಒಬ್ಬಳು ಮುದುಕಿಯನ್ನು ಮಂಚಕ್ಕೆ ಕೂಡಿಸಿ, ಇನ್ನೊಬ್ಬಳು ಹಗ್ಗ ಬಿಚ್ಚಿ, ಕಾಣದ ಮಂದಿಗೆ ಉತ್ತರ ಕೊಡುತ್ತ ಬಂದಿದ್ದರು.

"ನನಗೂ ಅಂತಾರ್ರಿ ಅಕ್ಕಾರ" ಅಂದಳು. "ಬರ್ರಿ, ಒಂದಿನಾ ನಮ್ಮ ಗಿರಣಿಗೆ. ಇಬ್ಬರೂ ಕೂಡೇ ಅನ್ನಿಸಿಕೊಳ್ಳೂಣ."

ಚಹಾ ಬಂತು. ಬೋರವ್ವ ಮೊದಲ ಗುಟುಕು ಅನುಮಾನದಿಂದ ಕುಡಿದಳು, ಎರಡನೆಯದು ಹಾಗಲ್ಲ. ಮುಧೋಳದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೈಯಲ್ಲಿದ್ದ ಸೀರೆಯನ್ನು ಮಡಚಿ ಟ್ರಂಕಿನತ್ತ ಹೋದವಳು ಅಲ್ಲೇ ನಿಂತು, "ಎವ್ವಾ, ಇದು ಯಾವ ಬದಿ ಇತ್ತು?" ಎಂದು ಕೇಳಿದಳು.

"ಎಡಕ್ಕ. ಮ್ಯಾಲಿಂದ ಎರಡನೇದು."

ಸುಹಾಸಿನಿ ಫಾರ್ಮು ಮತ್ತೆ ತೆಗೆದಿದ್ದಳು. "ಸಾಹೇಬರು ಬಿಡ್ರಿ ಅಂದಾರ. ಬರದು ಕಳಸತೀನಿ, ಅವರು ಹಾಕ್ಕೊಂಡ್ರ ಹಾಕ್ಕೊಳ್ಳಿ, ಇಲ್ಲಂದ್ರ ಇಲ್ಲ. ಛಲೋ ರೂಢಿ ಅಂತ ಇಲ್ಲಿ ಒಂದ ಸಾಲು ಜಾಗಾ ಐತಿ. ಏನ್ ಬರೀಲಿ? ಹಗ್ಗ ಅಂತ ಬರೀಲ್ಯಾ?"

ಶೈಲಾ ಯೋಚಿಸಿದಳು. ಹಗ್ಗ ಅಂತ ಬರೆದರೆ ನಾಳೆ ಊರ ತುಂಬ ಹಗ್ಗ ಹಂಚುತ್ತಾರೆ. ಅದರ ಮೇಲೂ ಅರಿವೆ ಒಣಗುತ್ತವೆ.

"ಕಣ್ಣಿಲ್ಲದವರು ಇಟ್ಟದ್ದನ್ನ ಮನಿ ಮಂದಿ ಇಟ್ಟಲ್ಲೇ ಬಿಡಬೇಕು, ತಗಿಯೂದಿದ್ರ ಅವರಿಗೆ ಹೇಳಿ ತಗೀಬೇಕು ಅಂತ ಬರೀರಿ."

"ಹೇಳಿ ಅಲ್ಲ" ಅಂದಳು ಹಾಲವ್ವ. "ಕೇಳಿ ತಗೀಬೇಕು ಅಂತ ಬರಿ ಯವ್ವಾ."

ಸುಹಾಸಿನಿ ಒಂದು ಪದ ಹೊಡೆದು ಇನ್ನೊಂದು ಬರೆದಳು.

ಆ ಮನೆ ಯಾವುದಾದರೂ ಪಟ್ಟಿಗೆ ಸೇರಿತೋ ಇಲ್ಲವೋ ಸುದ್ದಿ ಬರಲಿಲ್ಲ. ದೀಪಾವಳಿಯ ಮುನ್ನಾದಿನ ಶೈಲಾ ಮನೆ ತೊಳೆಯಲು ನಿಂತಾಗ ಹಾಲವ್ವ ಹೊಸ್ತಿಲಲ್ಲಿ ಕೂತು ಹಣತೆಗೆ ಬತ್ತಿ ಹೊಸೆಯುತ್ತಿದ್ದಳು.

"ಅತ್ತೀ, ಈ ಕೊಡಾ ಸ್ವಲ್ಪ ಕಿಟಕಿ ಕಡೆ ಸರಸ್ಲ್ಯಾ? ಕೆಳಗ ಕೊಳಿ ಕುಂತೈತಿ."

ಹಾಲವ್ವ ಯೋಚಿಸಿದಳು. ಕೇಳಿದ್ದಾರೆಂದ ಮೇಲೆ ಯೋಚಿಸಬೇಕಲ್ಲ.

"ಬ್ಯಾಡ" ಅಂದಳು.

ಶೈಲಾ ಕೊಡದ ಸುತ್ತ ಒರೆಸಿ ಮುಂದೆ ಹೋದಳು.